ರಟ್ಟಿನ ಮೇಷ್ಟ್ರ ಕೆಂಪು ಚುಕ್ಕೆ

ಪಕ್ಕದ ಮನೆಯ ಮೇಷ್ಟ್ರ ಬಲಗಿವಿಯ ಮೇಲಿನ ನರೆಗೂದಲಿನಲ್ಲಿ ಯಾವಾಗಲೂ ಒಂದು ಕೆಂಪು ಗೆರೆ ಇರುತ್ತಿತ್ತು. ಮದುವೆಯಾಗಿ ಯಲಹಂಕಕ್ಕೆ ಬಂದ ಹೊಸತರಲ್ಲಿ, ದೇವಸ್ಥಾನಕ್ಕೆ ಹೋಗಿ ಬಂದವರು ಕುಂಕುಮದ ಕೈಯನ್ನು ತಲೆಗೆ ಒರೆಸಿಕೊಂಡಿರಬೇಕು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಪೆನ್ಸಿಲಿನ ಬಣ್ಣ. ಕಿವಿಯ ಮೇಲೆ ಕೆಂಪು ಪೆನ್ಸಿಲು ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿ ಆದ ಗೆರೆ. ತಲೆಗೆ ಸ್ನಾನ ಮಾಡಿದ ದಿನ ಬೆಳಿಗ್ಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಜರು.

ನಮ್ಮವರಿಗೆ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ. ನೇಕಾರರ ಬೀದಿಯಲ್ಲಿ ಬಾಡಿಗೆ ಮನೆ ಸಿಕ್ಕಿತ್ತು. ಮೇಷ್ಟ್ರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಬೀದಿಯವರೆಲ್ಲ ಅವರನ್ನು ರಟ್ಟಿನ ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ರೇಷ್ಮೆ ಸೀರೆಯ ಅಂಚಿಗೆ ಚಿತ್ರ ಬರೆಯುವುದು ಅವರ ಕಸುಬು. ಮೊದಲು ಸಣ್ಣ ಚೌಕಳಿ ಹಾಕಿದ ಕಾಗದದ ಮೇಲೆ ಹೂವನ್ನೋ ಹಕ್ಕಿಯನ್ನೋ ಬರೆಯುತ್ತಿದ್ದರು. ಆಮೇಲೆ ಆ ಚೌಕಗಳ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಪಟ್ಟಿ ತೆಗೆದುಕೊಂಡು ತೂತು ಕೊರೆಯುತ್ತಿದ್ದರು. ನೂರಾರು ಪಟ್ಟಿಗಳನ್ನು ದಾರದಲ್ಲಿ ಸರಪಳಿಯಂತೆ ಪೋಣಿಸಿ ಮಗ್ಗದ ಮೇಲಿನ ಪೆಟ್ಟಿಗೆಗೆ ತೂಗುಹಾಕಿದರೆ, ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಕಾಗದದಲ್ಲಿದ್ದ ಹಕ್ಕಿ ಹಾಗೆ ಜರಿಯಲ್ಲಿ ಮೂಡುತ್ತದೆ.

ತೂತು ಕೊರೆದ ಪ್ರತಿಯೊಂದು ಪಟ್ಟಿಯನ್ನೂ ಅವರು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಚಿತ್ರದೊಂದಿಗೆ ಹೋಲಿಸಿ, ಎಡಗಡೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಇಟ್ಟು, ತಮಗೆ ತಾವೇ "ನೋಡ್ದೆ" ಎನ್ನುತ್ತಿದ್ದರು. ಗೋಡೆಯ ಈಚೆ ಅಕ್ಕಿ ಆರಿಸುತ್ತಾ ಕುಳಿತರೆ ನನಗೆ ಟಕ್ ಎಂದು ಕೊರೆಯುವ ಸದ್ದು, ಸ್ವಲ್ಪ ಹೊತ್ತು ಮೌನ, ಆಮೇಲೆ "ನೋಡ್ದೆ" ಕೇಳುತ್ತಿತ್ತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಒಂದು ದಿನ ನನ್ನೆದುರಿಗೇ, "ನಂಗೂ ಒಂದು ಚುಕ್ಕೆ ಇಟ್ಬಿಡಿ. ಮೂವತ್ತು ವರ್ಷ ಆಯ್ತು, ಇನ್ನೂ ಸರಿಯಾಗಿ ನೋಡೇ ಇಲ್ಲ" ಎಂದರು. ಮೇಷ್ಟ್ರು ಕಾಗದದಿಂದ ತಲೆ ಎತ್ತದೆ, "ನೀನು ಬೆಳಕಿಗೆ ನಿಂತ್ಕೊಂಡ್ರಲ್ವೇನೆ" ಎಂದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಬೆಳಿಗ್ಗೆ ಅವರು ಇಂಗ್ಲಿಷ್ ಪತ್ರಿಕೆಯ ಒಂದು ತುಂಡು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಅಂಗಡಿಯವರು ಅದರಲ್ಲಿ ಕಡಲೆಬೀಜ ಕಟ್ಟಿಕೊಟ್ಟಿದ್ದರು. ನಾನು ಬೆಂಗಳೂರು ದಂಡಿನ ಕಡೆಯ ಕಾನ್ವೆಂಟಿನಲ್ಲಿ ಓದಿದವಳು ಎಂಬುದು ಬೀದಿಗೆಲ್ಲ ಗೊತ್ತಿತ್ತು. ಆಗಿನ್ನೂ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು.

"ತಾಯಿ, ಇದನ್ನ ಸ್ವಲ್ಪ ಓದಿ ಹೇಳ್ತೀರಾ? ಈ ಚಿತ್ರದಲ್ಲಿರೋದು ನಮ್ಮ ರಟ್ಟಲ್ವಾ? ಇದು ಅಲ್ಲೇನ್ ಮಾಡ್ತಿದೆ?"

ಚಿತ್ರದಲ್ಲಿ ಕೋಣೆಯಷ್ಟು ದೊಡ್ಡ ಯಂತ್ರವಿತ್ತು. ಅದರ ಮುಂದೆ ಕೋಟು ಹಾಕಿಕೊಂಡವರೊಬ್ಬರು ತೂತುತೂತಾದ ಒಂದು ರಟ್ಟನ್ನು ಹಿಡಿದುಕೊಂಡಿದ್ದರು. ನಾನು ಓದಿ ಹೇಳಿದೆ. ಇದು ವಿದ್ಯುತ್ತಿನಿಂದ ನಡೆಯುವ ಮಿದುಳಂತೆ. ತೂತಿನ ರಟ್ಟಿನಲ್ಲಿ ಪ್ರಶ್ನೆ ಕೊಟ್ಟರೆ, ಜನ ತಿಂಗಳುಗಟ್ಟಲೆ ಮಾಡುವ ಲೆಕ್ಕವನ್ನು ಒಂದು ಗಳಿಗೆಯಲ್ಲಿ ಮಾಡುತ್ತದಂತೆ. ಇನ್ನು ಕೆಲವು ವರ್ಷಗಳಲ್ಲಿ ಪದ್ಯ ಕಟ್ಟುತ್ತದೆ, ರಾಗ ಹಾಕುತ್ತದೆ, ಚಿತ್ರ ಬರೆಯುತ್ತದೆ ಎಂದು ಕೆಲವು ವಿದ್ವಾಂಸರು ಹೇಳಿದ್ದಾರಂತೆ. ಹಾಗಾದರೆ ಮನುಷ್ಯನಿಗೆ ಉಳಿಯುವುದೇನು ಎಂದು ಬೇರೆ ಕೆಲವರು ಕೇಳಿದ್ದಾರಂತೆ.

"ಅದಕ್ಕೇನಂದ್ರು?"

"ಅಲ್ಲಿಗೆ ಹರಿದುಹೋಗಿದೆ ಮೇಷ್ಟ್ರೇ."

ಚಿತ್ರ ಬರೆಯುತ್ತದೆ ಎಂಬ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಸಂಜೆಯ ಹೊತ್ತಿಗೆ ಇದು ಬೀದಿಯ ಸುದ್ದಿಯಾಗಿತ್ತು. ಮೇಷ್ಟ್ರ ಜಗಲಿಯ ಮೇಲೆ ನಾಲ್ಕು ಜನ ಸೇರಿದ್ದರು. ಎದುರುಮನೆಯ ನೇಕಾರ, ಪುಟ್ಟೇನಹಳ್ಳಿ ಕಡೆಯಿಂದ ಬಂದು ನೆಲೆಸಿದವನು, "ಅಂಗಾರೆ ನಾಳೆ ಮಗ್ಗಾನೂ ಅದೇ ನೇಯ್ಕಂತದಾ? ನಮ್ ವಟ್ಟೆಪಾಡೇನು?" ಎಂದ. ಅವನ ಹೆಂಡತಿ ನೂಲಿನ ಕಂಡಿಕೆ ಸುತ್ತುತ್ತಿದ್ದವಳು ತಮ್ಮ ಮನೆಯ ಒಳಗಿನಿಂದಲೇ, "ನೇಯ್ಕಳ್ಳಿ ಬಿಡು. ನನ್ ಸೊಂಟನಾದ್ರೂ ಉಳೀತದೆ" ಎಂದಳು.

ಮಗ್ಗಗಳ ಸಾಹುಕಾರರೂ ಅಲ್ಲಿದ್ದರು. "ಅದು ಬರಲಿ, ಮೊದಲು ನಾನೇ ತರಿಸ್ತೀನಿ" ಎಂದರು. "ಊಟ ಕೇಳಲ್ಲ, ಹಬ್ಬಕ್ಕೆ ರಜಾ ಕೇಳಲ್ಲ, ಐದೂ ಹಕ್ಕಿ ಬೇರೆಬೇರೆ ಇರ್ಬೇಕು ಅಂತ ಹಠಾನೂ ಮಾಡಲ್ಲ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಯಾಕೆಂದರೆ ಆ ಮಾತು ಬರೀ ತಮಾಷೆಯಾಗಿರಲಿಲ್ಲ. ಆ ವರ್ಷ ಸಾಹುಕಾರರು ಹೊರಗಿನ ಊರಿನಿಂದ ಸಿದ್ಧ ರಟ್ಟಿನ ಸರಪಳಿಗಳನ್ನು ತರಿಸಲು ಶುರುಮಾಡಿದ್ದರು. ಒಂದು ಮಾವಿನಕಾಯಿ, ಇಲ್ಲವೇ ಒಂದು ಹಂಸ. ಅದೇ ಸೀರೆಯ ಉದ್ದಕ್ಕೂ ಮತ್ತೆ ಮತ್ತೆ. ಮೇಷ್ಟ್ರು ಅದೇ ಸಮಯಕ್ಕೆ ಪುಟ್ಟೇನಹಳ್ಳಿ ಕೆರೆಯ ಗುಳುಮುಳುಕ ಹಕ್ಕಿಗಳನ್ನು ಬರೆದಿದ್ದರು. ನೀರಿನ ಗೆರೆಗಳ ಮೇಲೆ ಐದು ಪುಟ್ಟ ಹಕ್ಕಿಗಳು, ಒಂದರ ಹಾಗೆ ಇನ್ನೊಂದಿಲ್ಲ. ಅದಕ್ಕೆ ಐದು ಪಟ್ಟು ರಟ್ಟು, ಐದು ಪಟ್ಟು ದಿನ. ಒಂದೇ ಹಕ್ಕಿ ಸಾಲದೇ ಎಂದು ಸಾಹುಕಾರರು ಕೇಳಿದರೆ, "ಕೆರೇಲಿ ಒಂದೇ ಹಕ್ಕಿ ಐದು ಸಲ ಇರಲ್ಲ ಸಾಹುಕಾರ್ರೇ" ಎಂದಿದ್ದರು. ಕೊನೆಗೆ ಸಾಹುಕಾರರು ಒಂದೇ ಒಂದು ಮಗ್ಗ ಬಿಟ್ಟುಕೊಟ್ಟಿದ್ದರು. ಗೌರಿ ಹಬ್ಬದೊಳಗೆ ಸೀರೆಗಳು ಇಳಿಯಬೇಕು, ಅಂಗಡಿಯವರು ಒಪ್ಪಬೇಕು. ಇಲ್ಲವಾದರೆ ಇನ್ನು ಮುಂದೆ ಸಿದ್ಧ ರಟ್ಟೇ; ಮೇಷ್ಟ್ರು ಬರೆಯುವುದು ಬೇಡ.

ಮರುದಿನ ಅಕ್ಕನಿಗೆ ಹುಳಿ ಕೊಡಲು ಹೋದವಳು, ಆ ಯಂತ್ರದ ಬಗ್ಗೆ ಕೋಪ ಬರುವುದಿಲ್ಲವೇ ಎಂದು ಮೇಷ್ಟ್ರನ್ನು ಕೇಳಿದೆ.

"ನಮ್ಮಪ್ಪನ ಕಾಲದಲ್ಲಿ ಈ ಪೆಟ್ಟಿಗೆ ಇರ್ಲಿಲ್ಲ ತಾಯಿ. ಮಗ್ಗದ ಮೇಲೆ ಹಲಗೆ ಹಾಕ್ಕೊಂಡು ನಮ್ಮಕ್ಕ ಕೂತಿರೋಳು. ಯಾವ ಎಳೆ ಯಾವಾಗ ಎತ್ತಬೇಕು ಅಂತ ಅವಳಿಗೆ ಬಾಯಿಪಾಠ. ಹಾಡ್ಕೊಂಡು ದಾರ ಎಳೆಯೋಳು. ಪೆಟ್ಟಿಗೆ ಬಂತು, ಅವಳು ಕೆಳಗಿಳಿದ್ಲು. ಅವಳ ಕೆಲಸ ಹೋಯ್ತು, ನನಗೆ ರಟ್ಟಿನ ಕೆಲಸ ಬಂತು. ನಾನು ಯಾವ ಬಾಯಲ್ಲಿ ಯಂತ್ರಾನ ಬೈಲಿ?"

"ಆ ಹಾಡು?"

"ಆಮೇಲೆ ಅದನ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಹೀಗೆ ಹೇಳಿ ಮತ್ತೊಂದು ಪಟ್ಟಿಯನ್ನು ಬೆಳಕಿಗೆ ಹಿಡಿದರು.

ಆ ಆಷಾಢದಲ್ಲಿ ಅವರಿಗೆ ಕಣ್ಣುಬೇನೆ ಬಂತು. ತೂತು ಕೊರೆದು ಚುಕ್ಕೆ ಇಟ್ಟದ್ದೆಲ್ಲ ಮುಗಿದಿತ್ತು, ಪೋಣಿಸುವುದಷ್ಟೇ ಬಾಕಿ. ಸಾಹುಕಾರರ ಆಳು ದಿನವೂ ಬಂದು ಹೋಗುತ್ತಿದ್ದ. ಕಾನ್ವೆಂಟಿನಲ್ಲಿ ಕಸೂತಿ, ಲೇಸು ಎಲ್ಲ ಕಲಿತಿದ್ದೆನಲ್ಲ, ನಾನು ಪೋಣಿಸಿಕೊಡುತ್ತೇನೆ ಎಂದೆ. ಅಷ್ಟರಲ್ಲಿ ನಾನು ಅವರಿಗೆ "ನೀನು" ಆಗಿದ್ದೆ. "ಚುಕ್ಕೆ ಮೇಲ್ಮುಖವಾಗಿ, ಎಡಕ್ಕೇ ಬರ್ಲಿ ತಾಯಿ. ಇನ್ನೇನೂ ಇಲ್ಲ" ಎಂದರು.

ಮೂರು ಮಧ್ಯಾಹ್ನ ಪೋಣಿಸಿದೆ. ಕೊನೆಯ ಮಧ್ಯಾಹ್ನ ನೋಡುತ್ತೇನೆ, ಒಂದು ಕಡೆ ಹನ್ನೊಂದು ಪಟ್ಟಿಗಳಲ್ಲಿ ದಾರದ ಗಂಟು ಮೇಲಕ್ಕೆ ಬಂದಿದೆ. ನಮಗೆ ಹೊಲಿಗೆ ಹೇಳಿಕೊಟ್ಟ ಸಿಸ್ಟರ್, ಗಂಟು ಕಂಡರೆ ಬಟ್ಟೆಯನ್ನು ಎತ್ತಿ ಇಡೀ ತರಗತಿಗೆ ತೋರಿಸುತ್ತಿದ್ದರು. ಆ ಅಭ್ಯಾಸ ಬಿಡಲಿಲ್ಲ. ಆ ಹನ್ನೊಂದನ್ನೂ ಬಿಚ್ಚಿ, ಮಗುಚಿ, ಗಂಟುಗಳನ್ನು ಅಡಿಗೆ ಸೇರಿಸಿ ನೀಟಾಗಿ ಕಟ್ಟಿದೆ. ಗಂಟಿನ ಜೊತೆಗೆ ಚುಕ್ಕೆಯೂ ಅಡಿಗೆ ಹೋಗಿ, ಎಡದ ತೂತುಗಳು ಬಲಕ್ಕೆ ಬಂದದ್ದು ನನ್ನ ಗಮನಕ್ಕೆ ಬರಲಿಲ್ಲ.

ಮೇಷ್ಟ್ರು ಕಣ್ಣಿಗೆ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗಿದ್ದರು. "ಎಲ್ಲಾ ನೋಡಿದೀಯಾ ತಾಯಿ?"

"ನೋಡಿದೀನಿ ಮೇಷ್ಟ್ರೇ."

ನೋಡಿದ್ದು ಗಂಟುಗಳನ್ನು.

ರೇಷ್ಮೆ ಸೀರೆಯ ಒಳ್ಳೆಯ ಮುಖ ಮಗ್ಗದಲ್ಲಿ ಕೆಳಗಿರುತ್ತದೆ. ನೇಯುವವನಿಗೆ ಕಾಣುವುದು ಹಿಂಬದಿ. ಹೊಸ ಚಿತ್ರ; ಅವನಿಗೂ ಅಂದಾಜಿಲ್ಲ. ಸುಮಾರು ಒಂದು ಮೊಳ ನೇಯ್ದ ಮೇಲೆ ಅಡಿಯಲ್ಲಿ ಕನ್ನಡಿ ಹಿಡಿದು ನೋಡಿ, ಮೇಷ್ಟ್ರನ್ನು ಕರೆಸಿದ. ಅಕ್ಕನ ಜೊತೆ ನಾನೂ ಹೋದೆ. ನಾಲ್ಕು ಹಕ್ಕಿಗಳು ಚೆನ್ನಾಗಿದ್ದವು. ಐದನೆಯದು ಇರಲಿಲ್ಲ. ಅದರ ಕತ್ತು, ಕೊಕ್ಕು, ಬೆನ್ನು ಎಲ್ಲ ಚೂರಾಗಿ ಅಂಚಿನ ಆಚೆ ಬದಿಗೆ ಚದುರಿತ್ತು. ಹಕ್ಕಿ ಇರಬೇಕಾದ ಕಡೆ ನೀರಿನ ಗೆರೆ ಮಾತ್ರ ಮುರಿದು ನಿಂತಿತ್ತು. ಮುಂದಿನ ಸುತ್ತಿನಲ್ಲೂ ಹಾಗೆಯೇ, ಅದರ ಮುಂದೆಯೂ ಹಾಗೆಯೇ.

ಸಾಹುಕಾರರು ಬಂದರು. "ಯಾರ್ರೀ ಪೋಣಿಸಿದ್ದು?"

ನಾನು ಬಾಗಿಲಿನ ಹಿಂದೆ ನಿಂತಿದ್ದೆ. ಇನ್ನಷ್ಟು ಹಿಂದಕ್ಕೆ ಸರಿದೆ.

"ರಟ್ಟು ನಂದು ಸಾಹುಕಾರ್ರೇ" ಎಂದರು ಮೇಷ್ಟ್ರು. "ಪೆಟ್ಟಿಗೇದೇನೂ ತಪ್ಪಿಲ್ಲ. ಹೇಳಿದ್ದನ್ನ ಹಂಗೇ ಮಾಡಿದೆ. ಸರಿಯಾಗಿರೋ ಹಕ್ಕೀನ ಎಷ್ಟು ಭಕ್ತಿಯಿಂದ ನೇಯ್ತೋ, ಚೂರಾಗಿರೋದನ್ನೂ ಅಷ್ಟೇ ಭಕ್ತಿಯಿಂದ ನೇಯ್ದಿದೆ. ನೋಡೋದು ನನ್ನ ಕೆಲಸ. ನಾನು ನೋಡ್ಲಿಲ್ಲ."

"ವಯಸ್ಸಾಯ್ತು ಮೇಷ್ಟ್ರೇ" ಎಂದರು ಸಾಹುಕಾರರು. ಅವರು ಕೆಟ್ಟವರಲ್ಲ; ಬೇಸರದಿಂದಲೇ ಹೇಳಿದರು. "ಇದನ್ನ ಕತ್ತರಿಸಿ. ಹಬ್ಬಕ್ಕೆ ಇನ್ನು ನಲವತ್ತು ದಿನ. ಆಗದಿದ್ರೆ ಹಂಸ ಹಾಕ್ಸಿಬಿಡ್ತೀನಿ."

ಆ ಒಂದು ಮೊಳವನ್ನು ಕತ್ತರಿಸಿದರು. ಮೇಷ್ಟ್ರು ಅದನ್ನು ಮಡಿಸಿಕೊಂಡು ಮನೆಗೆ ಬಂದರು. ನನ್ನನ್ನು ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ. ಹನ್ನೊಂದು ಪಟ್ಟಿ ತಿರುಗಿಸಿ ಕಟ್ಟುವುದು ಒಂದು ಗಂಟೆಯ ಕೆಲಸ. ಆದರೆ ಅವರು ಅದನ್ನು ಮಾಡಲಿಲ್ಲ. ಆ ಮುರಿದ ಗೆರೆಯನ್ನೇ ಎರಡು ದಿನ ನೋಡುತ್ತಾ ಕುಳಿತರು. ಮೂರನೆಯ ದಿನ ಬೆಳಿಗ್ಗೆ ಗೋಡೆಯ ಆಚೆಯಿಂದ, "ತಾಯಿ, ಕೆರೆ ಕಡೆ ಹೋಗ್ಬರೋಣ, ಬರ್ತೀಯಾ?" ಎಂದರು.

ಮೂವರೂ ಹೋದೆವು. ಏರಿಯ ಮೇಲೆ ಅಕ್ಕ ಸೆರಗು ಹಾಸಿ ಕುಳಿತರು. ನೀರಿನ ನಡುವೆ ನಾಲ್ಕೈದು ಗುಳುಮುಳುಕಗಳು ತೇಲುತ್ತಿದ್ದವು. ನೋಡನೋಡುತ್ತಿದ್ದಂತೆ ಒಂದು ಮುಳುಗಿತು. ಅದಿದ್ದ ಕಡೆ ಉಂಗುರದಂಥ ಅಲೆಗಳು ಒಂದರ ಸುತ್ತ ಒಂದು ಅಗಲವಾಗುತ್ತಾ ಹೋದವು. ಹಕ್ಕಿ ಎಷ್ಟೋ ದೂರದಲ್ಲಿ ಎದ್ದಿತು.

"ಇಷ್ಟು ದಿನ ಹಕ್ಕಿ ಕಂಡಾಗ ಮಾತ್ರ ಬರೀತಿದ್ದೆ" ಎಂದರು ಮೇಷ್ಟ್ರು.

ಕಣ್ಣು ಇನ್ನೂ ಕೆಂಪಾಗಿತ್ತು. ಆದರೂ ಬಿಸಿಲು ನೆತ್ತಿಗೇರುವವರೆಗೆ ಅಲ್ಲಿಂದ ಏಳಲಿಲ್ಲ. ಎಷ್ಟನೆಯ ಅಲೆಗೆ ಉಂಗುರ ಒಡೆಯುತ್ತದೆ ಎಂದು ಎಣಿಸುತ್ತಿದ್ದರು. ಅಕ್ಕ ನನ್ನ ಕಿವಿಯಲ್ಲಿ, "ನನ್ನನ್ನ ನೋಡೋಕೆ ಬಂದಾಗ ಇಷ್ಟು ಹೊತ್ತು ಕೂತಿರ್ಲಿಲ್ಲ" ಎಂದರು.

ಐದನೆಯ ಹಕ್ಕಿಯ ರಟ್ಟುಗಳನ್ನು ತೆಗೆದುಹಾಕಿ ಹೊಸದಾಗಿ ಬರೆದರು, ಕೊರೆದರು. ಈ ಸಲ ನಾನು ಪೋಣಿಸಿದ್ದನ್ನು ಅವರು ಒಂದೊಂದಾಗಿ ಬೆರಳಾಡಿಸಿ ನೋಡಿದರು, ನಾನೂ ನೋಡಿದೆ. ನಾಲ್ಕು ಹಕ್ಕಿ, ಆಮೇಲೆ ಬರೀ ಉಂಗುರದ ಅಲೆ, ಮತ್ತೆ ನಾಲ್ಕು ಹಕ್ಕಿ. ಸೀರೆ ಉಟ್ಟು ನಡೆದರೆ, ಹೆಜ್ಜೆ ಹಾಕುವಷ್ಟರಲ್ಲಿ ಎಲ್ಲೋ ಒಂದು ಹಕ್ಕಿ ಮುಳುಗಿದ ಹಾಗೆ ಕಾಣುತ್ತಿತ್ತು. ಹಬ್ಬಕ್ಕೆ ಎರಡು ದಿನ ಮೊದಲು ಸೀರೆಗಳು ಇಳಿದವು. ಅಂಗಡಿಯವರು ಇನ್ನೂ ಬೇಕು ಎಂದರು.

ಮುಂದಿನ ವರ್ಷ ಸಾಹುಕಾರರು ಒಂದು ಸಿದ್ಧ ರಟ್ಟಿನ ಸರಪಳಿಯಲ್ಲಿ ನೇಯ್ದ ಮಾದರಿ ತುಂಡು ತಂದು ಮೇಷ್ಟ್ರ ಮುಂದೆ ಹಾಸಿದರು. ಮೇಷ್ಟ್ರದೇ ಅಂಚು. ಯಾರೋ ಸೀರೆಯನ್ನು ಕೊಂಡೊಯ್ದು ನಕಲು ಮಾಡಿದ್ದರು. ಆದರೆ ಉಂಗುರದ ಅಲೆ ಇರುವ ಕಡೆ ಅಚ್ಚುಕಟ್ಟಾಗಿ ಒಂದು ಹಕ್ಕಿಯನ್ನು ಕೂರಿಸಿದ್ದರು. ಬಿಟ್ಟುಹೋಗಿದೆ ಎಂದುಕೊಂಡು ತುಂಬಿದ್ದರು, ಪಾಪ. ಮೇಷ್ಟ್ರು ತುಂಬಾ ಹೊತ್ತು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ಅವರಿಗೆ ಕೆರೆ ಇಲ್ವಲ್ಲ ಸಾಹುಕಾರ್ರೇ" ಎಂದರು.

"ನಗ್ತಾ ಕೂತ್ರೆ ಹೇಗೆ? ಇದು ಎಲ್ಲಾ ಅಂಗಡೀಗೂ ಬಂದ್ಬಿಟ್ಟಿದೆ. ಹೊಸದೇನಾದ್ರೂ ಬರ್ಕೊಡಿ" ಎಂದರು ಸಾಹುಕಾರರು.

ಹಾಗೆ ಅವರ ಕೆಲಸ ಇನ್ನೂ ಆರೇಳು ವರ್ಷ ನಡೆಯಿತು. ಸಿದ್ಧ ರಟ್ಟುಗಳೂ ಬರುತ್ತಲೇ ಇದ್ದವು. ಹೆಚ್ಚಿನ ಮಗ್ಗಗಳಲ್ಲಿ ಅವೇ. ಎಲ್ಲವೂ ಸರಿಹೋಯಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಆ ಯಂತ್ರದ ವಿಷಯ ಪತ್ರಿಕೆಯಲ್ಲಿ ಕಂಡಾಗಲೆಲ್ಲ ಅವರಿಗೆ ಓದಿ ಹೇಳುತ್ತಿದ್ದೆ. ಪದ್ಯ ಕಟ್ಟಿದೆಯಂತೆ ಎಂದರೆ, "ಹೆಂಗಿದೆ?" ಎಂದು ನಿಜವಾದ ಕುತೂಹಲದಿಂದ ಕೇಳುತ್ತಿದ್ದರು. ಪದ್ಯವನ್ನು ಅಚ್ಚು ಹಾಕಿಲ್ಲ ಎಂದರೆ ಅವರಿಗೆ ನಿರಾಸೆ. "ಕಟ್ಟಿದ್ಮೇಲೆ ಅದು ಒಂದ್ಸಲ ತಿರುಗಿ ನೋಡತ್ತೋ ಇಲ್ವೋ, ಅದನ್ನ ಯಾರೂ ಬರೆಯಲ್ವಲ್ಲ" ಎನ್ನುತ್ತಿದ್ದರು.

ಅವರು ಹೋದದ್ದು ಅರವತ್ತರ ದಶಕದ ಕೊನೆಯಲ್ಲಿ, ಒಂದು ಕಾರ್ತಿಕ ಮಾಸದ ಬೆಳಿಗ್ಗೆ, ಹೆಚ್ಚು ನರಳದೆ. ಸ್ನಾನ ಮಾಡಿಸಿ ಮಲಗಿಸಿದ್ದರು. ಕಿವಿಯ ಮೇಲೆ ಕೆಂಪು ಗೆರೆ ಇರಲಿಲ್ಲ. ಅದಿಲ್ಲದ್ದನ್ನು ಕಂಡಾಗಲೇ ನನಗೆ ಅಳು ಬಂದದ್ದು.

ತಿಂಗಳು ಕಳೆದ ಮೇಲೆ ಅಕ್ಕ ಒಂದು ಬಟ್ಟೆಯ ಗಂಟು ತಂದುಕೊಟ್ಟರು. "ನಿಂಗೆ ಕೊಡು ಅಂದಿದ್ರು. ಯಾಕೆ ಅಂತ ಹೇಳ್ಲಿಲ್ಲ."

ಬಿಚ್ಚಿದೆ. ಅಂದು ಕತ್ತರಿಸಿದ ಒಂದು ಮೊಳ. ಸಾಹುಕಾರರ ಮುಂದೆ ನಾನು ಬಾಯಿಬಿಟ್ಟು ಒಪ್ಪಿಕೊಳ್ಳದ ತಪ್ಪು, ಜರಿಯಲ್ಲಿ ನೇಯ್ದದ್ದು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದೆ. ನಾಲ್ಕು ಹಕ್ಕಿಗಳು, ಆಮೇಲೆ ಚದುರಿದ ಚೂರುಗಳು, ಮುರಿದ ನೀರಿನ ಗೆರೆ. ಆ ಗೆರೆಯ ಎಡಗಡೆ, ರೇಷ್ಮೆಯ ಮೇಲೆ, ಪೆನ್ಸಿಲಿನ ಒಂದು ಕೆಂಪು ಚುಕ್ಕೆ ಇತ್ತು.