ಹಳೆ ಕಾರಿಗೆ ಹದಿಮೂರು ಸಾಕು

ಎಂಬತ್ತರ ದಶಕದ ಆರಂಭದಲ್ಲಿ ಮಾನ್ವಿಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇತ್ತು. ವಾರಕ್ಕೊಮ್ಮೆ ಸೀರೆ, ಧೋತರದ ಗಂಟುಗಳನ್ನು ಹಳೆಯ ಸಣ್ಣ ಕಾರಿನಲ್ಲಿ ಹೇರಿಕೊಂಡು ನನ್ನ ಗಂಡ ದೇವದುರ್ಗದ ಸಂತೆಗೆ ಹೋಗುತ್ತಿದ್ದರು. ನಮ್ಮ ಕೈಗೆ ಬರುವ ಹೊತ್ತಿಗಾಗಲೇ ಬಹಳ ಓಡಿದ್ದ ಕಾರು ಅದು. ಮಾರಿದವರು ಮಾತ್ರ ಲೀಟರಿಗೆ ಹದಿನೈದು ಕಿಲೋಮೀಟರ್ ಖಂಡಿತ ಎಂದಿದ್ದರು.

ನನ್ನ ಗಂಡನ ಕಣ್ಣಿಗೆ ಪೊರೆ ಬಂತು. ಅದು ಮಾಗುವ ತನಕ ಆಪರೇಷನ್ ಆಗುವುದಿಲ್ಲ, ಕಾರು ನಡೆಸಬಾರದು ಎಂದರು ರಾಯಚೂರಿನ ಡಾಕ್ಟರು. ಮೈದುನ ಸ್ಟೇರಿಂಗ್ ಹಿಡಿದ. ಕೆಲವೇ ವಾರಗಳಲ್ಲಿ ಅವನಿಗೆ ಬೇಸರವಾಯಿತು.

"ವೈನಿ, ಇದು ಹತ್ತೂ ಕೊಡವಲ್ದು. ವಯಸ್ಸಾದ ಬಂಡಿ, ಹಿಂಗಾ ಕುಡಿತದ. ಮಾರಿಬಿಡೂನು."

ಕಾರು ಹೋದರೆ ಸಂತೆ ಹೋಗುತ್ತದೆ, ಸಂತೆ ಹೋದರೆ ಇವರು ಗೋಡೆಗೆ ಒರಗಿ ಕೂತುಬಿಡುತ್ತಾರೆ ಎಂಬುದು ನನಗೆ ಗೊತ್ತಿತ್ತು. "ನಾನ ನಡಸ್ತೀನಿ" ಎಂದೆ. ಮೈದುನ ನಕ್ಕ. ಇವರು ನಗಲಿಲ್ಲ.

ಊರಾಚೆ ರೈಸ್ ಮಿಲ್ಲಿನ ಬಯಲಿನಲ್ಲಿ ಕಲಿತೆ. ಇವರು ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದು ಕೇಳಿಯೇ "ಈಗ ಗೇರ್ ಬದಲಿ ಮಾಡು" ಎನ್ನುತ್ತಿದ್ದರು. ಸೆರಗು ಸಿಕ್ಕಿಸಿಕೊಂಡು ಕಾರು ನಡೆಸುವವಳನ್ನು ನೋಡಲು ಜನ ನಿಲ್ಲುತ್ತಿದ್ದರು. ನಿಂತು ಸಾಕಾದ ಮೇಲೆ ತಾವೇ ಹೋದರು. ಲೈಸೆನ್ಸೂ ಬಂತು.

ಒಂದು ಮುಂಜಾನೆ ಮಾನ್ವಿಯ ಬಂಕಿನಲ್ಲಿ ಕಂಠಮಟ್ಟ ಪೆಟ್ರೋಲ್ ಹಾಕಿಸಿ, ಇವರನ್ನೂ ಮೈದುನನನ್ನೂ ಕೂಡಿಸಿಕೊಂಡು ರಾಯಚೂರಿಗೆ ಹೊರಟೆ. ಅಲ್ಲಿ ಮತ್ತೆ ಅಷ್ಟೇ ತುಂಬಿಸಿದರೆ ಎಷ್ಟು ಕುಡಿದಿದೆ ಎಂದು ತಿಳಿಯುತ್ತದೆ. ಕಲ್ಮಲದ ಹತ್ತಿರ ಇವರು ತಲೆ ಎತ್ತಿದರು.

"ಗೇರ್ ತೆಗದು ಹಂಗಾ ಬಿಡು ನೋಡೂನು. ಉರುಳಬೇಕು."

ಸಮತಟ್ಟು ರಸ್ತೆಯಲ್ಲೂ ಕಾರು ಉರುಳಲಿಲ್ಲ. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ನಿಂತಿತು. ನಾನು ಇಳಿದು ಚಕ್ರಗಳನ್ನು ಒಂದೊಂದಾಗಿ ಮುಟ್ಟಿದೆ. ಹಿಂದಿನ ಎಡಚಕ್ರದ ನಡುಭಾಗ ಕಾದ ಹಂಚಿನಂತಿತ್ತು. ರಾಯಚೂರಿನಲ್ಲಿ ತುಂಬಿಸಿ ಲೆಕ್ಕ ಹಾಕಿದರೆ, ಮೈದುನ ಹೇಳಿದ್ದು ನಿಜವೇ ಆಗಿತ್ತು: ಹತ್ತೂ ಇಲ್ಲ.

ಗ್ಯಾರೇಜಿಗೆ ಒಯ್ದು ಆ ಚಕ್ರವನ್ನೇ ತೋರಿಸಿದೆ. ಮಿಸ್ತ್ರಿ ಬಿಚ್ಚಿ ನೋಡಿ, "ಹೌದ್ರಿ ಅಕ್ಕಾರ, ಬ್ರೇಕ್ ಹಿಡಕೊಂಡು ಕುಂತದ" ಎಂದ. ಅದನ್ನು ಸಡಿಲಿಸಿ, ಕಾರ್ಬೊರೇಟರ್ ತೊಳೆದು, ಟೈರಿಗೆ ಗಾಳಿ ತುಂಬಿದ. ಸಂಜೆ ಮಾನ್ವಿ ಮುಟ್ಟಿ ಮತ್ತೆ ಟ್ಯಾಂಕ್ ತುಂಬಿಸಿದೆವು. ಹದಿಮೂರು ಬಂದಿತ್ತು.

"ಹದಿನೈದು ಅಂದಿದ್ರಲ್ಲ ಅವ್ರು" ಎಂದ ಮೈದುನ.

"ಹೊಸಾದಿದ್ದಾಗ ಕೊಡ್ತಿತ್ತೇನೋ" ಎಂದರು ಇವರು. "ಈಗ ಇದರ ದಮ್ಮು ಇಷ್ಟ. ಇಷ್ಟಾದ್ರ ಸಾಕು, ಸಂತಿ ನಡಿತದ."

ಮಾರುವ ಮಾತು ಅಲ್ಲಿಗೆ ನಿಂತಿತು. ಆ ವಾರದಿಂದ ದೇವದುರ್ಗಕ್ಕೆ ನಾನೇ ನಡೆಸಿದೆ. ಸಂತೆಯಲ್ಲಿ ಇವರು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೂಲು ಹೇಳುತ್ತಿದ್ದರು, ನಾನು ಬಣ್ಣ ಹೇಳುತ್ತಿದ್ದೆ. ಮರುವರ್ಷ ಆಪರೇಷನ್‌ಗೆ ರಾಯಚೂರಿಗೂ ಅದೇ ಕಾರಿನಲ್ಲಿ ಕರೆದೊಯ್ದೆ. ಪಟ್ಟಿ ಬಿಚ್ಚಿ, ದಪ್ಪ ಕನ್ನಡಕ ಬಂದ ಮೇಲೆ ಕೀಲಿಯನ್ನು ಅವರ ಮುಂದೆ ಹಿಡಿದೆ. ಅವರು ಎಡಗಡೆಯ ಬಾಗಿಲು ತೆರೆದು ಕೂತರು.

"ನೀನ ನಡಸು" ಎಂದರು. "ನಾ ಹೊಲ ನೋಡ್ಕೋತ ಬರ್ತೀನಿ."