ಬೀಗ ಹಾಕದ ಪುಟಗಳು

ಕಡಲತೀರದ ಇಲೊಯಿಲೊ ನಗರದ ಮೀನುಗಾರಿಕೆ ಶಾಲೆಯಲ್ಲಿ ಹದಿನೆಂಟು ವರ್ಷ ಪಾಠ ಹೇಳಿದ ರೊಸೆಂಡಾ ಗುಂಬಾನ್ ನಲವತ್ನಾಲ್ಕನೆಯ ವಯಸ್ಸಿನಲ್ಲಿ ಪಿಎಚ್‌ಡಿಗೆ ಸೇರಿದಳು. ಕಲಿಯುವುದೇನೂ ಉಳಿದಿಲ್ಲ, ಹೆಸರಿನ ಮುಂದೆ ಡಾಕ್ಟರ್ ಎಂದು ಅಂಟಿಸಿಕೊಳ್ಳುವುದೊಂದೇ ಬಾಕಿ ಎಂದುಕೊಂಡಿದ್ದಳು.

ವಿಶ್ವವಿದ್ಯಾಲಯದ ನಿಯಮ ಬೇರೆ ಇತ್ತು. ಸಂಶೋಧನೆಗೆ ಸೇರಿದವರೆಲ್ಲ ಇ-ಪೋರ್ಟ್‌ಫೋಲಿಯೊ ಕಟ್ಟಬೇಕು. ಏನು ಕಲಿತೆ, ಅದಕ್ಕೆ ಸಾಕ್ಷಿ ಏನು ಎಂದು ಕಂಪ್ಯೂಟರಿನಲ್ಲಿ ಪುಟಪುಟವಾಗಿ ಜೋಡಿಸಬೇಕು. ಮುಂದೆ ಕೆಲಸ ಕೇಳುವಾಗಲೂ ಅದನ್ನೇ ಕಳಿಸಬಹುದು. ರೊಸೆಂಡಾ ಒಂದೇ ದಿನದಲ್ಲಿ ಮೂವತ್ತೊಂಬತ್ತು ಪ್ರಮಾಣಪತ್ರ ಏರಿಸಿದಳು. ಅವನ್ನು ಕೊಟ್ಟ ಎಷ್ಟು ಕಮ್ಮಟಗಳಲ್ಲಿ ತೂಕಡಿಸಿದ್ದಳೆಂಬುದು ಅವಳಿಗೂ ಕುರ್ಚಿಗೂ ಮಾತ್ರ ಗೊತ್ತು. ‘ನಾಯಕತ್ವ’ ಎಂಬಲ್ಲಿ ಚರ್ಚಿನ ಗಾಯಕವೃಂದ ಹಾಕಿದಳು. ‘ವಿದೇಶದ ಅನುಭವ’ ಎಂಬಲ್ಲಿ ಸಬಾದಲ್ಲಿ ನಡೆದ ಚಿಕ್ಕಮ್ಮನ ಮಗಳ ಮದುವೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!

ಅವಳ ಮಾರ್ಗದರ್ಶಕ ಜುನ್ರೆ ಪಾಲ್ಮಾರೆಸ್‌ಗೆ ಮೂವತ್ತೊಂದು ವರ್ಷ. ಗಂಡು ಏಡಿ ಯಾವುದು, ಹೆಣ್ಣು ಯಾವುದು ಹೇಳಲಾಗದೆ ಹಿಂದೆ ಇವಳ ತರಗತಿಯಲ್ಲೇ ಏಡಿ ಹಿಡಿದು ನಿಂತವನು.

“ಮ್ಯಾಮ್, ಇದರಲ್ಲಿ ನೀವೆಲ್ಲಿದ್ದೀರಿ?” ಎಂದು ಕೇಳಿದ.

“ಎಲ್ಲದರಲ್ಲೂ ಇದ್ದೀನಲ್ಲಪ್ಪಾ, ದೊಡ್ಡ ಅಕ್ಷರದಲ್ಲಿ.”

“ಅದು ನಿಮ್ಮ ಹೆಸರು. ಕಲಿತದ್ದು ಎಲ್ಲಿ? ವಾರಕ್ಕೊಂದು ಪುಟ ಬರೀರಿ. ತಪ್ಪಿದ್ದನ್ನೂ ಬರೀರಿ.”

“ತಪ್ಪು ಬರ್ಕೊಂಡ್ರೆ ಕೆಲಸ ಕೊಡೋರು ಯಾರು?”

“ಆ ಪುಟಗಳಿಗೆ ಬೀಗ ಹಾಕ್ಕೊಳ್ಳಿ. ನೀವೊಬ್ಬರೇ ನೋಡೋ ಹಾಗೆ.”

ತೊಟ್ಟಿಯಲ್ಲಿ ಏಡಿಮರಿ ಸಾಕುವುದು ಅವಳ ಸಂಶೋಧನೆ. ಮೊದಲ ವಾರ ಬಿಟ್ಟ ಇನ್ನೂರರಲ್ಲಿ ಉಳಿದದ್ದು ಅರವತ್ತೊಂದು. ಅಂದು ಬರೆದಳು: ‘ಚಿಪ್ಪು ಕಳಚಿದ ಏಡಿ ಮೆತ್ತಗಿರುತ್ತದೆ, ಜೊತೆಯವು ತಿಂದುಹಾಕುತ್ತವೆ ಎಂದು ಹದಿನೆಂಟು ವರ್ಷ ಪಾಠ ಹೇಳಿದೆ. ನನ್ನ ಪಾಠವನ್ನು ನಾನೇ ಕೇಳಿಸಿಕೊಂಡಿರಲಿಲ್ಲ.’ ಅಡಗಿಕೊಳ್ಳಲು ಕೊಳವೆ ತುಂಡು ಹಾಕಿದಳು. ಉಪ್ಪಿನಂಶ ಅಳೆಯುವ ಸಾಧನ ಒರೆಸದೆ ಲೆಕ್ಕ ತಪ್ಪಿದಳು. ವಾರವಾರದ ಪುಟದಲ್ಲಿ ಎಷ್ಟು ಸತ್ತವು, ಯಾವಾಗ, ಹವೆ ಹೇಗಿತ್ತು, ಜೊತೆಗೆ ತನಗೊಂದು ಬೈಗುಳ. ಎಂಟು ತಿಂಗಳು ಹೀಗೇ ನಡೆಯಿತು. ತನ್ನನ್ನು ತಾನು ಬೈದುಕೊಳ್ಳುವುದರಲ್ಲಿ ಅವಳಿಗೆ ಒಂಥರಾ ರುಚಿ ಹತ್ತಿತ್ತು.

ಅಷ್ಟರಲ್ಲಿ ಪಕ್ಕದ ಕಾಪಿಸ್ ಪ್ರಾಂತ್ಯದ ಸಹಕಾರ ಸಂಘವೊಂದು ಏಡಿಮರಿ ಕೇಂದ್ರಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿತ್ತು. ರೊಸೆಂಡಾ ಅರ್ಜಿ ಹಾಕಿದಳು. ‘ಎಲ್ಲ ಪುಟಗಳನ್ನೂ ಹಂಚಿಕೊಳ್ಳಲೇ?’ ಎಂದು ಕಂಪ್ಯೂಟರ್ ಕೇಳಿದಾಗ, ಪ್ರಮಾಣಪತ್ರ ಒಂದೂ ಬಿಟ್ಟುಹೋಗಬಾರದೆಂದು ‘ಹೌದು’ ಒತ್ತಿದಳು. ನೋಡಿ ಹೊಗಳಲಿ ಎಂದು ಗಂಡ ನೆಸ್ಟರನಿಗೂ ಅದೇ ಲಿಂಕ್ ಕಳಿಸಿದಳು.

ಎರಡು ದಿನ ಕಳೆದು ನೆಸ್ಟರ್ ಬಾಚೊಯ್ ಸೂಪಿನ ಬಟ್ಟಲ ಮುಂದೆ ಬಿದ್ದು ಬಿದ್ದು ನಗುತ್ತಿದ್ದ. “ಇಂದಾಯ್,” ಎಂದು ಮುದ್ದಿನಿಂದ ಕರೆದ, “‘ಏಡಿಗಳೇ ನನಗಿಂತ ಬುದ್ಧಿವಂತವು, ಯಾವಾಗ ಓಡಬೇಕು ಅಂತಾದ್ರೂ ಗೊತ್ತು’ ಅಂತ ಬರ್ದಿದ್ದೀಯಲ್ಲೇ!”

“ಅದು ನಿನಗೆಲ್ಲಿ ಸಿಕ್ತು?”

“ನೀನೇ ಕಳಿಸಿದ್ಯಲ್ಲ, ಅದರಲ್ಲೇ.”

ಎಂಟು ತಿಂಗಳಿಂದ ಮರೆತೇಬಿಟ್ಟಿದ್ದ ಬೀಗ ಹಾಕಲು ಓಡಿದಳು. ಅಷ್ಟರಲ್ಲಿ ಸಂದರ್ಶನಕ್ಕೆ ಬರಲು ಕರೆ ಬಂದಿತ್ತು.

ಸಂಘದ ಅಧ್ಯಕ್ಷೆ ಪುರಿಫಿಕಾಸಿಯೊನ್ ದೆಲ್ಫಿನ್ ಅರವತ್ತು ದಾಟಿದವರು, ಸ್ವಂತ ಏಡಿಕೆರೆ ಉಳ್ಳವರು. ಮೇಜಿನ ಮೇಲೆ ರೊಸೆಂಡಾಳ ಅಷ್ಟೂ ಪುಟಗಳು ಅಚ್ಚಾಗಿ ಬಿದ್ದಿದ್ದವು.

“ಕೂತ್ಕೋ. ನಿನಗಿಂತ ಮುಂಚೆ ಒಬ್ಬ ಬಂದಿದ್ದ. ಅವನ ಕಡತದಲ್ಲಿ ಒಂದು ಏಡಿಯೂ ಸತ್ತಿಲ್ಲ. ಸಾಯದ ಏಡಿ ನನ್ನ ಜೀವಮಾನದಲ್ಲೇ ನಾನು ಕಂಡಿಲ್ಲ.” ಕನ್ನಡಕ ಏರಿಸಿಕೊಂಡು ಪುಟ ತಿರುವಿದರು. “ಹದಿನೇಳನೇ ವಾರ ಮಳೆ. ಇಪ್ಪತ್ತೆರಡನೇ ವಾರಾನೂ ಮಳೆ. ಮೂವತ್ತರಲ್ಲೂ. ಮೂರು ಸಲಾನೂ ಮಾರನೇ ದಿನವೇ ಸತ್ತಿವೆ. ಗಮನಿಸಿದ್ಯಾ?”

ರೊಸೆಂಡಾ ಇಂಗು ತಿಂದ ಮಂಗನಂತಾದಳು. “ಇಲ್ಲ ಮನಾಂಗ್,” ಎಂದಳು, ಊರಿನ ರೂಢಿಯಂತೆ ಅಕ್ಕನೆಂದು ಕರೆದು. “ನನ್ನನ್ನ ನಾನು ಬೈದುಕೊಳ್ಳೋದರಲ್ಲೇ ಮುಳುಗಿಹೋಗಿದ್ದೆ. ಆಕಾಶ ನೋಡೋಕೆ ಪುರುಸೊತ್ತಾಗಲಿಲ್ಲ.”

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ತಪ್ಪೆಲ್ಲಾ ನಿನ್ನದೇ ಆಗ್ಬೇಕಾ? ಮಳೆಗೂ ಒಂದು ಪಾಲು ಬಿಡೇ. ನಮ್ಮಲ್ಲೂ ಹೀಗೇ ಸಾಯ್ತವೆ. ಸೋಮವಾರದಿಂದ ಬಾ, ಸೇರಿ ಹುಡುಕೋಣ.”

ಹುಡುಕಿದರು. ಎರಡೂ ಕಡೆ ತೊಟ್ಟಿಗೆ ಎತ್ತುತ್ತಿದ್ದದ್ದು ಉಪ್ಪುನೀರಿನ ಹಳ್ಳದ ನೀರು; ಮಳೆ ಬಂದಾಗ ಅದು ದಂಡೆಯ ಹುಳಿಮಣ್ಣು ತೊಳೆದುಕೊಂಡು ಬರುತ್ತಿತ್ತು, ಆ ಹುಳಿಗೆ ಮರಿಗಳು ಸಾಯುತ್ತಿದ್ದವು. ಮಳೆಯಾದ ಮೇಲೆ ಮೂರು ದಿನ ಹಳ್ಳದ ನೀರು ಎತ್ತದೆ, ಮೊದಲೇ ತುಂಬಿಟ್ಟ ನೀರನ್ನೇ ಬಳಸಿದರು. ಇನ್ನೂರರಲ್ಲಿ ನೂರಾ ನಲವತ್ತೆಂಟು ಉಳಿದವು. ಅದನ್ನೇ ಪ್ರಬಂಧದ ಮೂರನೆಯ ಅಧ್ಯಾಯ ಮಾಡಿ ಎಂದ ಜುನ್ರೆ. ಸಂಶೋಧನಾ ಪತ್ರಿಕೆಯೊಂದಕ್ಕೆ ಲೇಖನವನ್ನೂ ಬರೆಸಿದ. ಮಳೆಯ ಸುಳಿವು ಕೊಟ್ಟವರ ಹೆಸರೂ ಇರಲೇಬೇಕೆಂದು ರೊಸೆಂಡಾ ಹಟ ಹಿಡಿದಳು.

“ಹಾಕು, ಆದ್ರೆ ಕಾಗುಣಿತ ಸರಿಯಾಗಿ ಬರಿ,” ಎಂದಿದ್ದರು ಪುರಿಫಿಕಾಸಿಯೊನ್.

ಲೇಖನ ಅಚ್ಚಾಯಿತು. ದೆಲ್ಫಿನ್ ಎಂಬಲ್ಲಿ ಒಂದಕ್ಷರ ತಪ್ಪಿತ್ತು. ಮರುದಿನ ಬೆಳಿಗ್ಗೆ ರೊಸೆಂಡಾ ಒಂದು ಡಬ್ಬಿ ಬಿಸ್ಕೊಚೊ ರಸ್ಕು ಕೊಂಡು, ಪುರಿಫಿಕಾಸಿಯೊನ್‌ಗೆ ಏನು ಹೇಳುವುದೆಂದು ಯೋಚಿಸುತ್ತಾ ಕಾಪಿಸ್ ಬಸ್ಸು ಹತ್ತಿದಳು.