ಅಂಗೈಯಿಂದ ಕೇಳಿದ ತಾರು

ಸಾವಿರದ ಒಂಬೈನೂರ ನಲವತ್ತೇಳರ ಬೇಸಿಗೆಯಲ್ಲಿ ನಾನು ಆಳಂದದ ತಾರು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನನಗೆ ಇಪ್ಪತ್ನಾಲ್ಕು ವರ್ಷ, ಮದುವೆಯಾಗಿ ಒಂದು ವರ್ಷ. ಚುಕ್ಕೆ–ಗೆರೆಗಳ ಮೋರ್ಸ್ ಪರೀಕ್ಷೆ ಪಾಸಾದವರಷ್ಟೇ ಯಂತ್ರದ ಮುಂದೆ ಕೂರಬಹುದಿತ್ತು. ನಾನಿನ್ನೂ ಫಾರಂ ತುಂಬುವವನು, ಲಕೋಟೆಗೆ ಅಂಟು ಹಚ್ಚುವವನು. ಯಂತ್ರ ತಾರು ಮಾಸ್ತರರದು. ಐವತ್ತು ದಾಟಿದ ಅವರದು ಮಾತು ಕಡಿಮೆ. ಯಾರಾದರೂ ಏನಾದರೂ ಕೇಳಿದರೆ ಕೇಳಿದವರ ಬಾಯಿಯನ್ನೇ ದಿಟ್ಟಿಸಿ, ಒಂದೆರಡು ಮಾತಿನಲ್ಲಿ ಉತ್ತರ ಮುಗಿಸುತ್ತಿದ್ದರು. ಅದನ್ನು ನಾನು ಗತ್ತು ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ನೀರಿನ ಹಿತ್ತಾಳೆ ಕೊಡ ನನ್ನ ಕೈ ಜಾರಿ, ಅವರ ಬೆನ್ನ ಹಿಂದೆಯೇ ಹಾಸುಗಲ್ಲಿನ ಮೇಲೆ ಬಿತ್ತು. ಬೀದಿಯಲ್ಲಿದ್ದವರು ಇಣುಕಿ ನೋಡಿದರು. ಮಾಸ್ತರರು ತಿರುಗಲಿಲ್ಲ. ಅದೇ ಗಳಿಗೆಗೆ ಯಂತ್ರ ಟಕಟಕ ಎಂದಿತು. ಅವರು ಪೆನ್ಸಿಲ್ ಎತ್ತಿಕೊಂಡು ಬರೆಯತೊಡಗಿದರು. ಎಡ ಅಂಗೈ ಮೇಜಿಗೆ ಅಂಟಿದಂತೆ ಕೂತಿತ್ತು. ತಾರು ಮುಗಿದ ಮೇಲೆ ತಲೆ ಎತ್ತಿ, ನೆಲದ ಮೇಲಿನ ನೀರನ್ನೂ ನನ್ನ ಮುಖವನ್ನೂ ನೋಡಿದರು.

"ಗೊತ್ತಾತೇನು?"

ತಲೆಯಾಡಿಸಿದೆ.

"ಕಿವಿ ಹೋಗಿ ಮೂರು ವರ್ಷ ಆತು. ಯಾರ ಮುಂದೂ ಹೇಳಬ್ಯಾಡ ತಮ್ಮಾ."

ಹೇಳಲಿಲ್ಲ. ಆದರೆ ಮುಂದಿನ ತಿಂಗಳು ನನ್ನ ಪರೀಕ್ಷೆಗೆಂದು ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಮನೆಯಲ್ಲಿ ತಾವೇ ಜೋಡಿಸಿದ ರೇಡಿಯೋ ಇಟ್ಟುಕೊಂಡು, ಹವ್ಯಾಸಕ್ಕಾಗಿ ದೂರದೂರದವರೊಡನೆ ಮಾತಾಡುವ ಮನುಷ್ಯ ಅವರು. ಆ ರೇಡಿಯೋದ ಲೈಸೆನ್ಸಿಗೂ ಮೋರ್ಸ್ ಪರೀಕ್ಷೆ ಪಾಸಾಗಬೇಕಿತ್ತು; ಚಹಾ ಕುಡಿಯುತ್ತ ಅದರ ಮಾತು ತೆಗೆದರು.

"ಮೈಕಿನ್ಯಾಗ ಮಾತಾಡೋದಕ್ಕ ಈ ಟಕಟಕ ಪರೀಕ್ಷಾ ಯಾಕ ಬೇಕ್ರಿ ಮಾಸ್ತರ? ಲೈಸೆನ್ಸಿಗೆ ಇದನ್ನ ತಗದ ಹಾಕಬೇಕು."

ಚಹಾದ ಕಪ್ಪು ಸಾಹೇಬರ ತುಟಿಗೆ ಅಡ್ಡವಾಗಿತ್ತು. ಮಾಸ್ತರರಿಗೆ ಮಾತು ಕಾಣಲಿಲ್ಲ, ಉತ್ತರ ಕೊಡಲಿಲ್ಲ. ಸಾಹೇಬರಿಗೆ ಅನುಮಾನ ಬಂತು. ಎದ್ದು ಅವರ ಬೆನ್ನ ಹಿಂದೆ ಹೋಗಿ ಚಪ್ಪಾಳೆ ತಟ್ಟಿದರು. ಎಲ್ಲ ಬಯಲಾಯಿತು.

"ಕಿವಿ ಕೇಳದವ್ರು ತಾರು ತಗೊಳ್ಳಾಕತ್ತಾರಂದ್ರ ಇದೇನು ಹುಡುಗಾಟಿಕಿ?" ಎಂದು ನನ್ನ ಕಡೆ ತಿರುಗಿದರು.

"ಒಂದೂ ತಪ್ಪು ಬಂದಿಲ್ರಿ ಸಾಹೇಬ್ರ. ಬೇಕಾದ್ರ ಪರೀಕ್ಷಾ ಮಾಡ್ರಿ," ಎಂದೆ.

ನನಗಾಗಿ ತಂದಿದ್ದ ಅಭ್ಯಾಸದ ಯಂತ್ರವನ್ನು ಅವರು ಮೇಜಿನ ಮೇಲಿಟ್ಟರು. ಅದರ ಕುಣಿತ ಕಣ್ಣಿಗೆ ಕಾಣದಿರಲೆಂದು ಮೇಲೆ ತಮ್ಮ ಟೋಪಿ ಮುಚ್ಚಿದರು. ಒತ್ತುವ ಕೀಲಿಯನ್ನು ಮೇಜಿನ ಮರೆಗೆ ತೊಡೆಯ ಮೇಲಿಟ್ಟುಕೊಂಡು, ಬರೆದು ತಂದಿದ್ದ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಕಳಿಸತೊಡಗಿದರು. ಮೊದಲು ನಿಧಾನ, ಆಮೇಲೆ ಜೋರು, ಆಮೇಲೆ ನನ್ನ ಎರಡು ಒಳ್ಳೆಯ ಕಿವಿಗಳಿಗೂ ಬಿಡಿಸಲಾಗದಷ್ಟು ಜೋರು. ಮಾಸ್ತರರ ಪೆನ್ಸಿಲ್ ಎಲ್ಲೂ ನಿಲ್ಲಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಅವರ ಎಡಗೈ ಮೇಜಿನ ಮೇಲಿತ್ತು.

ಸಾಹೇಬರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ಇಲ್ಲಿ ಒಂದಕ್ಷರ ತಪ್ಪೈತಿ."

ಮಾಸ್ತರರು ಅವರ ತುಟಿ ನೋಡಿ ಮೆಲ್ಲಗೆ ಹೇಳಿದರು: "ನೀವು ಕಳ್ಸಿದ್ದಽ ಹಂಗ ಐತ್ರಿ. ಒಂದು ಚುಕ್ಕಿ ಬಿಟ್ಟೀರಿ. ಹೋದ ವರ್ಷ ಸೊಲ್ಲಾಪುರದ ಲೈನಿನ್ಯಾಗ ಕೂತಿದ್ದವ್ರು ನೀವಽ ಅಲ್ಲೇನ್ರಿ? ಅವಾಗೂ ಅವಸರದಾಗ ಹಿಂಗಽ ಬಿಡ್ತಿದ್ರಿ. ಕೈ ಗುರ್ತು ಹತ್ತಿತು."

ಸಾಹೇಬರು ಕಾಗದ ಮಡಚಿದರು. "ಹೌದ್ರಿ, ಕೂತಿದ್ದೆ," ಎಂದರು. ಆಮೇಲೆ ತಾವೇ ಅಂಗೈ ಮೇಜಿನ ಮೇಲಿಟ್ಟು, ಕೀಲಿ ಒತ್ತಲು ನನಗೆ ಸನ್ನೆ ಮಾಡಿದರು. ನಾನು ಒತ್ತಿದೆ. "ಬರೇ ನಡುಗತೈತಿ," ಎಂದು ಕೈ ತೆಗೆದರು.

ವರದಿಯಲ್ಲಿ ಅವರು ಬರೆದದ್ದು, ಮಾಸ್ತರರು ತಾರನ್ನು ತಪ್ಪಿಲ್ಲದೆ ತೆಗೆದುಕೊಳ್ಳುತ್ತಾರೆ ಎಂದಷ್ಟೇ. ಕಿವಿಯ ಮಾತು ಬರೆಯಲಿಲ್ಲ. ಅದೇ ದಿನ ನಡೆದ ಪರೀಕ್ಷೆಯಲ್ಲಿ ನಾನು ಫೇಲಾದೆ. ಸಾಹೇಬರು ಹೊರಡುವಾಗ ಧೈರ್ಯ ಮಾಡಿ ಕೇಳಿದೆ, "ಲೈಸೆನ್ಸಿನ ಪರೀಕ್ಷಾ ತಗದ ಹಾಕಬೇಕೇನ್ರಿ ಸಾಹೇಬ್ರ?"

"ತಗೀಬೇಕಂತ ಈಗೂ ಅಂತೇನಿ. ಎಲ್ಲಾರಿಗೂ ಇದು ಬರಂಗಿಲ್ಲ," ಎಂದರು. ಟೋಪಿ ಹಾಕಿಕೊಳ್ಳುತ್ತ, "ಆದ್ರ ನಾ ಪಾಸಾಗೇನಿ ಅಂತ ಇನ್ನ ಮ್ಯಾಲ ಜಂಭ ಕೊಚ್ಚಂಗಿಲ್ಲ," ಎಂದು ಸೇರಿಸಿದರು.

ನಲವತ್ತೆಂಟರ ಆರಂಭದಲ್ಲಿ ಮಾಸ್ತರರು ನಿವೃತ್ತರಾಗಿ ಅಫಜಲಪುರದ ಮಗಳ ಮನೆಗೆ ಹೋದರು. ನಾನು ಎರಡನೆಯ ಸಲಕ್ಕೆ ಪಾಸಾದೆ, ಜೇವರ್ಗಿಗೆ ವರ್ಗವಾಯಿತು. ಅಲ್ಲಿಗೆ ಹೋಗುವ ಮುಂಚೆ ಅಫಜಲಪುರದಲ್ಲಿ ಮಾಸ್ತರರನ್ನು ಕಂಡು ಸುದ್ದಿ ಹೇಳಿದೆ.

"ಎಷ್ಟು ತಪ್ಪು?"

"ಒಂದ್ರಿ."

"ಒಂದ್ಯಾಕ?" ಎಂದು ಕೇಳಿದವರೇ, ನನಗೆ ಊಟದ ತಾಟು ಹಾಕಲು ಮಗಳನ್ನು ಕೂಗಿದರು.